ಕೇಳದೆ ಕೊಟ್ಟ ಗ್ರಾಫಿಕ್ಸ್ ಕಾರ್ಡ್

“ತಮ್ಮಂಗಾ ಮೇಡಂ, ಇದು?”

ಕೈಯಲ್ಲಿದ್ದ ಚೀಟಿಯಿಂದ ತಲೆ ಎತ್ತದೆಯೇ ದೇವೇಂದ್ರ ಕೇಳಿದ.

“ನನಗೆ.”

ಈಗ ಅವನು ತಲೆ ಎತ್ತಿದ. ಎದುರಿಗೆ ನಿಂತವಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬಹುದು. ಬಿಗಿಯಾಗಿ ಹೆಣೆದ ಜಡೆ, ಬೂಟಿನ ಅಂಚಿಗೆ ಮೆತ್ತಿದ ತೋಟದ ಮಣ್ಣು. ಕಣ್ಣು ಮಾತ್ರ ಅವನ ಮುಖದ ಮೇಲೇ ಇತ್ತು, ನಗುತ್ತಾನೋ ಇಲ್ಲವೋ ನೋಡೋಣ ಎಂಬಂತೆ.

ಸಕಲೇಶಪುರದ ಬಸ್ ನಿಲ್ದಾಣದ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ದೇವೇಂದ್ರನ ಕಂಪ್ಯೂಟರ್ ಅಂಗಡಿ. ಇಲ್ಲಿಗೆ ಹತ್ತುವ ಮೊದಲು ಸುಚಿತ್ರಾ, ಆಟ ಆಡುವ ಕಂಪ್ಯೂಟರಿಗೆ ಬೇಕಾದ ಸಾಮಾನು ಬರೆದ ಇದೇ ಚೀಟಿಯನ್ನು ಇನ್ನೆರಡು ಕಡೆ ತೋರಿಸಿದ್ದಳು. ಒಂದು ಕಡೆ ನಕ್ಕರು. ಇನ್ನೊಂದು ಕಡೆ, ಗೇಮಿಂಗ್ ಯಾಕಮ್ಮ, ಟೈಪ್ ಮಾಡುವುದಕ್ಕೆ ಸಾಕಾಗುವಂಥದ್ದು ಕೊಡುತ್ತೇವೆ ಎಂದು ಬುದ್ಧಿ ಹೇಳಿದರು.

ಇವನೂ ನಕ್ಕರೆ ಇಳಿದು ಹೋಗುವುದು... ಮತ್ತೆ ಯಾರನ್ನೂ ಕೇಳುವುದಿಲ್ಲ.

ದೇವೇಂದ್ರ ನಗಲಿಲ್ಲ. ಪೆನ್ನು ತೆಗೆದು ಚೀಟಿಯಲ್ಲಿ ಒಂದು ಸಾಲು ಹೊಡೆದು ಹಾಕಿದ.

“ಇದೆಲ್ಲ ತುಂಬಕ್ಕೆ ಬಣ್ಣಬಣ್ಣದ ಲೈಟು ಹತ್ತೋ ಗಾಜಿನ ಡಬ್ಬ ಬೇಡ. ಆ ದುಡ್ಡು ಎಸ್‌ಎಂಪಿಎಸ್‌ಗೆ ಹಾಕಿ. ಯಾವೂರು ನಿಮ್ದು?”

“ದೋಣಿಗಲ್ ಹತ್ರ. ಎಸ್ಟೇಟು.”

“ಹಂಗಾದ್ರೆ ಇನ್ನೂ ಬೇಕು. ಒಳಗಿರೋ ಎಲ್ಲದಕ್ಕೂ ಕರೆಂಟ್ ಹಂಚೋದು ಅದೇ. ನಿಮ್ ಕಡೆ ಕರೆಂಟು ಒಂದ್ಸಲ ಹೋಗಿ ಬಂದ್ರೆ ಸಾಕು, ಅಗ್ಗದ್ದು ತಾನೂ ಸುಟ್ಟು ಪಕ್ಕದಲ್ಲಿರೋದ್ನೂ ಸುಡ್ತದೆ.”

ಅವಳು ಅವನು ಹೊಡೆದು ಹಾಕಿದ ಸಾಲನ್ನೇ ನೋಡಿದಳು. ಆ ಗಾಜಿನ ಡಬ್ಬವನ್ನು ಅವಳು ಫೋನಿನಲ್ಲಿ ಎಷ್ಟೋ ಸಲ ನೋಡಿ ಇಷ್ಟಪಟ್ಟಿದ್ದಳು. ಆದರೂ ಸರಿ ಎಂದಳು. ಒಬ್ಬ ಗಂಡಸು ತನ್ನ ಚೀಟಿಯನ್ನು ತಮಾಷೆ ಎಂದುಕೊಳ್ಳದೆ ತಿದ್ದಿದ್ದು ಅದೇ ಮೊದಲು.

*

ಸುಚಿತ್ರಾ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕುಯ್ದು ತಂದ ಕಾಫಿ ಹಣ್ಣಿನ ತೂಕ. ಕುಯ್ಲಿನ ಕಾಲದಲ್ಲಿ ಕೂಲಿ ಸಿಗುವುದು ಕೆಜಿಯ ಮೇಲೆ, ಆದ್ದರಿಂದ ಆ ಹೊತ್ತಿನಲ್ಲಿ ರೈಟರ್ ಹೇಳಿದ್ದೇ ಮಾತು.

ಅವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ತೂಕದ ಯಂತ್ರವನ್ನು ತಿರುಗಿಸಿ, ಅಂಕಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಳು. ಹೆಸರು ಹೇಳಿ, ತೂಕ ಕೂಗಿ, ಆಮೇಲೆ ಬರೆಯುವುದು. ಹಿಂದಿನ ರೈಟರುಗಳು ಹಾಗೆ ಮಾಡುತ್ತಿರಲಿಲ್ಲ.

ಅವರಲ್ಲಿ ಒಬ್ಬ, ಅವಳು ಮಗುವಾಗಿದ್ದಾಗ ಇದ್ದವನು, ಏನು ಮಾಡುತ್ತಿದ್ದ ಎನ್ನುವುದು ಅವಳ ಮನೆಯ ಕಥೆ. ಅವಳ ತಾಯಿ ಗಂಗಾಮಣಿಗೆ ಗಂಡ ತೀರಿಕೊಂಡಾಗ ವಯಸ್ಸು ಇಪ್ಪತ್ತಾರು, ಮಡಿಲಲ್ಲಿ ಸುಚಿತ್ರಾ. ಆ ವರ್ಷದ ಕುಯ್ಲಿನಲ್ಲಿ ಆ ರೈಟರ್ ಗಂಗಾಮಣಿಯ ಚೀಲಕ್ಕೆ ದಿನಾ ಎರಡು ಕೆಜಿ ಹೆಚ್ಚಿಗೆ ಬರೆಯತೊಡಗಿದ. ಅದು ಅವಳಿಗೆ ಗೊತ್ತಾಗುವ ಮೊದಲೇ ಆಳುಗಳ ಲೈನಿನ ಮನೆಗಳಿಗೆಲ್ಲ ಗೊತ್ತಾಗಿತ್ತು. ಯಾರೂ ಎದುರಿಗೆ ಏನೂ ಕೇಳಲಿಲ್ಲ. ನೀರಿನ ನಲ್ಲಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಗಂಗಾಮಣಿ ಮಗಳನ್ನು ಎತ್ತಿಕೊಂಡು ಕುಂದೂರಿನ ಕಡೆ ಹೊಲದ ಕೂಲಿಗೆ ಹೋದಳು. ಆ ರೈಟರ್ ಕೆಲಸ ಬಿಟ್ಟು ಹೋಗುವವರೆಗೆ ನಾಲ್ಕು ವರ್ಷ ಈ ಕಡೆ ತಿರುಗಿ ನೋಡಲಿಲ್ಲ.

ಹೆಚ್ಚಿಗೆ ಬಿದ್ದ ತೂಕಕ್ಕೆ ಹೆಂಗಸು ತನ್ನ ಹೆಸರನ್ನೇ ಬೆಲೆಯಾಗಿ ಕೊಡಬೇಕಾಗುತ್ತದೆ ಎಂಬುದನ್ನು ಸುಚಿತ್ರಾ ಹಾಗೆ ಕಲಿತಳು.

*

ಬಿಡಿಭಾಗಗಳನ್ನು ಆರಿಸುವುದಕ್ಕೆ ನವೆಂಬರಿನ ನಾಲ್ಕು ಭಾನುವಾರ ಹಿಡಿಯಿತು.

ಹೊಸ ಪ್ರೊಸೆಸರ್ ಬೇಡ, ಹೋದ ತಲೆಮಾರಿನದ್ದು ಸಾಕು ಎಂದು ಅವನು. ಹದಿನಾರು ಜಿಬಿಯ ಒಂದೇ ರ‍್ಯಾಮ್ ಯಾಕೆ ಬೇಡ, ಎಂಟೆಂಟರ ಎರಡು ಯಾಕೆ ಬೇಕು ಎಂದು ಅವಳು. ಅವನು ಬಿಡಿಸಿ ಹೇಳಿದ, ಜೋಡಿಯಾಗಿ ಹಾಕಿದರೆ ಕೆಲಸ ಬೇಗ ಆಗುತ್ತದೆ ಎಂದು. ಮಾನಿಟರ್ ಮಾತ್ರ ಹಳೆಯದು, ಮುಚ್ಚಿಹೋದ ಒಂದು ಸೈಬರ್ ಸೆಂಟರಿನದು. ಅದರ ಪರದೆಯನ್ನು ಸುಚಿತ್ರಾ ಅರ್ಧ ಗಂಟೆ ಮೂಲೆ ಮೂಲೆ ನೋಡಿದಳು.

“ಕಾಫಿ ಬೀಜದಲ್ಲಿ ಹುಳ ಹುಡುಕ್ದಂಗೆ ನೋಡ್ತೀರಲ್ಲ,” ಎಂದ ದೇವೇಂದ್ರ.

“ಹುಳ ಸಿಕ್ತು. ಇಲ್ಲಿ ಗೀರು ಐತೆ. ಐನೂರು ಕಮ್ಮಿ ಮಾಡಿ.”

ಅವನು ಕಮ್ಮಿ ಮಾಡಿದ. ಅವಳು ಬಂದು ಹೋದ ಮೇಲೆ ಅಂಗಡಿ ಸುಮ್ಮನಾದಂತೆ ಅನಿಸುವುದು ಅವನಿಗೆ ಎರಡನೆಯ ಭಾನುವಾರವೇ ಗೊತ್ತಾಗಿತ್ತು. ತನ್ನ ಮನಸ್ಸು ಅವಳಿಗೆ ಗೊತ್ತಾಗಲು ಮೂರನೆಯ ಭಾನುವಾರ ಬೇಕಾಯಿತು. ಬಸ್ಸಿನಲ್ಲಿ ಕೂತು, ತಾನು ಪ್ರೊಸೆಸರಿನ ಬಗ್ಗೆ ಯೋಚಿಸುತ್ತಿಲ್ಲ ಎಂದು ಗಮನಿಸಿ, ಕಿಟಕಿಯ ಕಡೆ ತಿರುಗಿದ್ದಳು.

ಏನು ಆಟ ಆಡಬೇಕು ಅಂತ ಇಷ್ಟೆಲ್ಲ ಎಂದು ಅವನು ಒಮ್ಮೆ ಕೇಳಿದ್ದ. ಲಾರಿ ಓಡಿಸುವ ಆಟ ಎಂದಿದ್ದಳು. ಹಿಮ ಬೀಳುವ ದೇಶದಲ್ಲಿ, ಉದ್ದದ ರಸ್ತೆಯಲ್ಲಿ, ದೊಡ್ಡ ಲಾರಿ. ಹುಟ್ಟಿದಾಗಿನಿಂದ ಘಾಟಿ ಹತ್ತುವ ಲಾರಿಗಳ ಸದ್ದು ಕೇಳುತ್ತಿದ್ದೇನೆ, ಒಂದು ಸಲ ನಾನೂ ಓಡಿಸಬೇಕು ಎಂದಿದ್ದಳು. ಅದನ್ನು ಅವಳು ಬೇರೆ ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡ್. ಆಟದ ಚಿತ್ರ ಪರದೆಯ ಮೇಲೆ ಚೆನ್ನಾಗಿ ಮೂಡಬೇಕಾದರೆ ಅದೇ ಮುಖ್ಯ. ನಾಲ್ಕು ಜಿಬಿಯದು ಅವಳ ಹಣಕ್ಕೆ ಸರಿಯಾಗುತ್ತಿತ್ತು. ಎಂಟು ಜಿಬಿಯದಕ್ಕೆ ಇನ್ನೂ ಏಳು ಸಾವಿರ ಬೇಕಿತ್ತು. ಎಂಟರ ಡಬ್ಬವನ್ನು ಕೈಗೆತ್ತಿಕೊಂಡಳು, ಹಿಂದೆ ಮುಂದೆ ಓದಿದಳು, ಇಟ್ಟಳು.

“ಬೇಡ. ನನ್ನ ಕೈಗೆ ಎಟುಕೋದು ನಾಲ್ಕೇ.”

ಡಬ್ಬ ಇಟ್ಟ ಮೇಲೂ ಅವಳ ಬೆರಳು ಅದರ ಮೇಲೆ ಒಂದು ಕ್ಷಣ ನಿಂತಿದ್ದನ್ನು ದೇವೇಂದ್ರ ನೋಡಿದ.

ಮುಂದಿನ ವಾರ ಅವನೇ ಕಂಪ್ಯೂಟರ್ ಜೋಡಿಸಿ ಬಸ್ಸಿಗೆ ಹತ್ತಿಸಿಕೊಟ್ಟ. ಖಾಲಿ ಡಬ್ಬಗಳು ವಾರಂಟಿಗೆ ಬೇಕಾಗುತ್ತವೆ, ಅಂಗಡಿಯಲ್ಲೇ ಇರಲಿ ಎಂದ. ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

*

ಲಾರಿ ಓಡಿತು. ಹಿಮ ಬಿತ್ತು. ಗಾಜಿನ ಮೇಲೆ ಬಿದ್ದ ಒಂದೊಂದು ಹನಿಯೂ ಬೇರೆ ಬೇರೆ ಕಂಡಿತು. ಗಂಗಾಮಣಿ ಮಗಳ ಪಕ್ಕದಲ್ಲಿ ಕೂತು, ಎದುರಿಗೆ ಬಸ್ಸು ಬರ‍್ತಾ ಐತೆ ನೋಡ್ಕೊಳೆ ಎಂದು ಹೇಳುವಷ್ಟು ಅದು ನಿಜವಾಗಿತ್ತು.

ಜನವರಿಯ ಒಂದು ಭಾನುವಾರ, ಆಟದ ಸೆಟ್ಟಿಂಗ್ ನೋಡುತ್ತಿದ್ದಾಗ ಪರದೆಯ ಮೂಲೆಯಲ್ಲಿ ಒಂದು ಸಾಲು ಕಂಡಿತು. ಕಾರ್ಡಿನ ಹೆಸರು. ಅದರ ಮುಂದೆ, ಎಂಟು ಜಿಬಿ.

ಸುಚಿತ್ರಾ ಬಿಲ್ಲು ತೆಗೆದು ನೋಡಿದಳು. ನಾಲ್ಕು ಎಂದೇ ಇತ್ತು.

ಮೊದಲಿಗೆ ಅವಳಿಗೆ ಏನೂ ಅನಿಸಲಿಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ಡಬ್ಬಗಳು ಅಂಗಡಿಯಲ್ಲೇ ಉಳಿದದ್ದು. ಎಸ್‌ಎಂಪಿಎಸ್ ಒಳ್ಳೆಯದೇ ಇರಲಿ ಎಂದು ಮೊದಲ ದಿನವೇ ಹೇಳಿದ್ದು; ದೊಡ್ಡ ಕಾರ್ಡಿಗೆ ಬೇಕಾಗುವುದೂ ಅಂಥದ್ದೇ.

ಮೊದಲ ದಿನದಿಂದಲೇ ಹೀಗೆ ಮಾಡಬೇಕು ಅಂತ ಇತ್ತಾ?... ಅಂಗಡಿಗೆ ಬಂದುಹೋಗುವವರಿಗೆಲ್ಲ ಇದು ಗೊತ್ತಾ?

ಕಂಪ್ಯೂಟರ್ ಆರಿಸಿ, ಸ್ಕ್ರೂ ಬಿಚ್ಚಿ, ಕಾರ್ಡನ್ನು ತೆಗೆದು ಟವೆಲಿನಲ್ಲಿ ಸುತ್ತಿದಳು. ಹನ್ನೊಂದರ ಬಸ್ಸಿಗೆ ಹೊರಟಳು.

ಅವಳನ್ನು ಕಂಡು ದೇವೇಂದ್ರನ ಮುಖ ಅರಳಿತು. ಟವೆಲ್ ಬಿಚ್ಚಿದ ಮೇಲೆ ಇಳಿಯಿತು.

“ಬಿಲ್ಲಲ್ಲಿ ನಾಲ್ಕು ಅಂತ ಐತೆ. ಇದು ಎಂಟು,” ಎಂದಳು. “ತಪ್ಪಿ ಹಾಕಿದ್ರಾ?”

ತಪ್ಪಿ ಹಾಕಿದೆ ಅಂತ ಹೇಳಿಬಿಡಲಿ... ಎಂದು ಅವಳ ಮನಸ್ಸು ಬೇಡುತ್ತಿತ್ತು. ಹೇಳಿದ್ದರೆ ನಂಬುತ್ತಿದ್ದಳು ಕೂಡ.

“ಇಲ್ಲ. ಗೊತ್ತಿದ್ದೇ ಹಾಕ್ದೆ,” ಎಂದ ದೇವೇಂದ್ರ. “ನನಗೆ ಅಂತ ತರಿಸ್ಕೊಂಡಿದ್ದು ಅದು. ನಿಮಗೆ ಅದೇ ಬೇಕಾಗಿತ್ತಲ್ಲ.”

“ನನಗೆ ಏನು ಬೇಕು ಅಂತ ನಾನು ಹೇಳಿದ್ದೆ.” ಅವಳ ದನಿ ಏರಲಿಲ್ಲ. “ಎಷ್ಟು ಜನಕ್ಕೆ ಹಿಂಗೆ ಹೆಚ್ಚಿಗೆ ಹಾಕ್ತೀರಾ?”

“ನಿಮಗೊಬ್ಬರಿಗೇ.”

ಅವನು ತನ್ನ ಮನಸ್ಸಿನಲ್ಲಿದ್ದ ಅತ್ಯಂತ ಒಳ್ಳೆಯ ಮಾತನ್ನು ಹೇಳಿದ್ದ. ಅವಳ ಕಿವಿಗೆ ಅದು ಅತ್ಯಂತ ಕೆಟ್ಟ ಮಾತಾಗಿ ಬಿತ್ತು.

ಸುಚಿತ್ರಾ ತಾಯಿಯ ಕಥೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಎರಡು ಕೆಜಿ, ನೀರಿನ ನಲ್ಲಿ, ಕುಂದೂರು, ನಾಲ್ಕು ವರ್ಷ. ಹೇಳಿ ಮುಗಿಸಿ, ನಾನು ಕಾಸು ಕೊಟ್ಟಿರುವುದು ಯಾವುದಕ್ಕೋ ಅದನ್ನು ಕೊಡಿ ಎಂದಳು. ದೇವೇಂದ್ರ ಒಳಗಿನಿಂದ ನಾಲ್ಕು ಜಿಬಿಯ ಕಾರ್ಡ್ ತಂದು ಕೊಟ್ಟ.

ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

*

ನಾಲ್ಕು ಜಿಬಿಯಲ್ಲೂ ಲಾರಿ ಓಡಿತು. ಮರದ ಎಲೆಗಳು ಕಮ್ಮಿಯಾದವು, ಹಿಮ ಸುಣ್ಣ ಬಳಿದಂತೆ ಕಂಡಿತು, ತಿರುವುಗಳಲ್ಲಿ ಚಿತ್ರ ಒಂದು ಗಳಿಗೆ ತಡೆಯುತ್ತಿತ್ತು. ಅದರಿಂದ ಅವಳಿಗೆ ಬೇಸರವಾಗಲಿಲ್ಲ. ಇದು ನನ್ನದು ಎಂದು ಅನಿಸುತ್ತಿತ್ತು.

ಬೇಸರವಾಗಿದ್ದು ಭಾನುವಾರಗಳಿಂದ. ಸಕಲೇಶಪುರಕ್ಕೆ ಹೋಗಲು ಕಾರಣವೇ ಇರಲಿಲ್ಲ. ತಾಯಿ ಒಂದು ಸಲ ಯಾಕೆ ಹೋಗಲಿಲ್ಲ ಎಂದು ಕೇಳಿದಳು, ಇವಳು ಕೆಲಸ ಐತೆ ಎಂದಳು, ತಾಯಿ ಮತ್ತೆ ಕೇಳಲಿಲ್ಲ.

ಅವನು ಆ ರೈಟರ್ ಅಲ್ಲ... ಅಂತ ನನಗೆ ಗೊತ್ತು. ಹಾಗಾದರೆ ಮುಚ್ಚಿಟ್ಟಿದ್ದು ಯಾಕೆ?

ಮೂರನೆಯ ವಾರದ ಶನಿವಾರ ಸಂಜೆ, ನಾಲ್ಕೂವರೆಯ ತೂಕದ ಹೊತ್ತಿಗೆ ದೇವೇಂದ್ರ ಎಸ್ಟೇಟಿಗೆ ಬಂದ. ಸ್ಟೋರಿನ ಮುಂದೆ ಚೀಲ ಹಿಡಿದವರ ಸಾಲಿತ್ತು. ಎಲ್ಲಿ ನಿಲ್ಲಬೇಕೋ ತಿಳಿಯದೆ ಅವನು ಸಾಲಿನ ಕೊನೆಯಲ್ಲಿ ನಿಂತ. ಅವನ ಮುಂದೆ ಇದ್ದವಳು ಮುನಿಯಮ್ಮ, ಆ ತೋಟದಲ್ಲಿ ಎಲ್ಲರಿಗಿಂತ ಹಳಬಳು.

“ನಿನ್ ಚೀಲ ಎಲ್ಲಪ್ಪ?” ಎಂದಳು. “ಬರಿಗೈಲಿ ಬಂದೋರ್ನ ನಮ್ ರೈಟ್ರಮ್ಮ ತೂಕಕ್ಕೆ ಹಾಕಲ್ಲ ಕಣೋ ಮಾರಾಯ.”

ಸಾಲು ನಕ್ಕಿತು. ಸುಚಿತ್ರಾ ತಿರುಗಿ ನೋಡಿದಳು. ನೋಡಿ, ಮತ್ತೆ ಯಂತ್ರದ ಕಡೆ ತಿರುಗಿದಳು.

ಸುಚಿತ್ರಾ ಅವರ ತಾಯಿ ಯಾರು ಎಂದು ಅವನು ಕೇಳಿದ್ದು ಅವಳಿಗೆ ಕೇಳಿಸಿತು. ಮುನಿಯಮ್ಮ ಕಣದ ಕಡೆ ಕೈ ತೋರಿಸಿದಳು. ಅಲ್ಲಿ ಗಂಗಾಮಣಿ ಒಣಗಲು ಹರವಿದ್ದ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದಳು. ಅವನು ಅತ್ತ ನಡೆದ.

“ಮುನಿಯಮ್ಮ, ಇಪ್ಪತ್ತೆಂಟು,” ಎಂದು ಕೂಗಿದಳು ಸುಚಿತ್ರಾ.

“ಸರ‍್ಯಾಗಿ ನೋಡವ್ವ, ಮೂವತ್ತೆಂಟು ಐತೆ,” ಎಂದಳು ಮುನಿಯಮ್ಮ. “ಬೇಗ ಬರ‍್ದು ಹೋಗು. ನಿನ್ ಕಣ್ಣು ಇಲ್ಲಿಲ್ಲ.”

ರೈಟರ್ ಆದ ನಾಲ್ಕು ವರ್ಷದಲ್ಲಿ ಅದು ಅವಳ ಮೊದಲ ತಪ್ಪು. ತಿದ್ದಿ ಬರೆದು, ಪುಸ್ತಕ ಮುಚ್ಚಿ, ಕಣದ ಕಡೆ ಹೊರಟಳು.

ಅವಳು ಹತ್ತಿರ ಬರುವಾಗ ದೇವೇಂದ್ರ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ್ದ. ಬೇರೆ ಕಾರ್ಡು ಹಾಕಿದ್ದು, ಹೇಳಿದರೆ ತೆಗೆದುಕೊಳ್ಳುವುದಿಲ್ಲ ಎಂದು ಬಚ್ಚಿಟ್ಟಿದ್ದು, ಮೂರು ವಾರದಿಂದ ಅದೇ ಯೋಚನೆಯಲ್ಲಿ ಇರುವುದು. ಗಂಗಾಮಣಿ ಕೈಯ ಕೆಲಸ ನಿಲ್ಲಿಸಿರಲಿಲ್ಲ.

“ಯಾತಕ್ಕೆ ಕೊಟ್ಟೆ?” ಎಂದಳು.

ದೇವೇಂದ್ರ ಸುಚಿತ್ರಾಳನ್ನು ನೋಡಿದ. ಸಾಲಿನಲ್ಲಿ ಇದ್ದವರಲ್ಲಿ ಒಬ್ಬಿಬ್ಬರು ಇನ್ನೂ ಅಲ್ಲೇ ನಿಂತಿದ್ದರು. ಅವನು ದನಿ ತಗ್ಗಿಸಲಿಲ್ಲ.

“ಇವ್ರು ಅಂದ್ರೆ ನನಗೆ ಇಷ್ಟ. ಅದ್ಕೆ.”

“ಇದನ್ನ ಅವಳಿಗೆ ಹೇಳಿದ್ಯಾ?”

“ಇಲ್ಲ.”

“ಹೇಳ್ಬೇಕಾದ್ನ ಬಚ್ಚಿಟ್ಕೊಂಡು, ಕಾರ್ಡು ಕೊಟ್ಯಾ? ತಿರುಗಾ ಮುರುಗಾ ಮಾಡ್ಬುಟ್ಟೆ ನೋಡು.”

ಗಂಗಾಮಣಿ ಕಾಫಿ ಎಳೆಯುತ್ತಿದ್ದ ಗೋರುಮಣೆಯನ್ನು ನೆಲಕ್ಕೆ ಊರಿ ಮಗಳ ಕಡೆ ತಿರುಗಿದಳು. ಇಷ್ಟು ವರ್ಷಗಳಲ್ಲಿ ಆ ಹಳೆಯ ರೈಟರ್ ವಿಷಯವನ್ನು ಅವಳಾಗಿ ಎತ್ತಿದವಳಲ್ಲ.

“ಆ ರೈಟರ್ರು ಎರಡು ಕೆಜಿ ಹೆಚ್ಚಿಗೆ ಬರ‍್ದಿದ್ದು ನನಗೆ ದೊಡ್ಡದಾಗಿರ್ನಿಲ್ಲ ಕಣೆ. ಬಾಯಿ ಬಿಟ್ಟು ಕೇಳಿದ್ರೆ ಬೇಡ ಅಂದು ಮನೆಗೆ ಹೋಗ್ತಿದ್ದೆ, ಅಲ್ಲಿಗೆ ಮುಗೀತಿತ್ತು. ಅವನು ಕೇಳ್ಲೇ ಇಲ್ಲ. ಕೇಳ್ದೆ ಇರೋನಿಗೆ ಬೇಡ ಅನ್ನೋದು ಹೆಂಗೆ? ಆ ಒಂದು ಮಾತು ಆಡಕ್ಕಾಗ್ದೆ ನಾನು ಊರು ಬಿಟ್ಟಿದ್ದು.” ದೇವೇಂದ್ರನ ಕಡೆ ಕೈ ತೋರಿಸಿದಳು. “ಇವನು ಕೇಳವ್ನೆ. ಹೂಂ ಅನ್ನು, ಉಹೂಂ ಅನ್ನು, ನಿನ್ನಿಷ್ಟ. ನಾನ್ ಹೋಗಿ ಕಾಫಿಗಿಡ್ತೀನಿ.”

ಅವಳು ಹೋದಳು. ನಿಂತಿದ್ದ ಒಬ್ಬಿಬ್ಬರನ್ನೂ ಹೋಗುವಾಗ ಜೊತೆಗೇ ಕರೆದುಕೊಂಡು ಹೋದಳು.

ಕಣದಲ್ಲಿ ಇಬ್ಬರೇ ಉಳಿದರು. ಬೇಡ ಎನ್ನುವ ಮಾತು ಈಗ ಸುಚಿತ್ರಾಳ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಷ್ಟು ಸಲೀಸಾಗಿ ಇರುವುದರಿಂದಲೇ ಏನೋ, ಅದನ್ನು ಹೇಳಬೇಕು ಅಂತ ಅವಳಿಗೆ ಅನಿಸಲಿಲ್ಲ.

“ಇವತ್ತೇನಾದ್ರೂ ತಂದಿದ್ದೀರಾ?” ಎಂದು ಕೇಳಿದಳು.

“ಏನಿಲ್ಲ. ಒಂದು ಬಿಸ್ಕತ್ ಪೊಟ್ಟಣನೂ ಇಲ್ಲ. ಭಯ ಆಯ್ತು.”

ಅವಳಿಗೆ ನಗು ಬಂತು. ಮೂರು ವಾರದ ಮೇಲೆ ಬಂದ ನಗು, ತಡೆದರೂ ನಿಲ್ಲಲಿಲ್ಲ.

“ನನಗೂ ನೀವಂದ್ರೆ ಇಷ್ಟ,” ಎಂದಳು. “ನವೆಂಬರಿಂದ.”

ದೇವೇಂದ್ರ ಒಂದು ಹೆಜ್ಜೆ ಹತ್ತಿರ ಬಂದ. ಅವಳೇ ಮುಂದುವರಿಸಿದಳು.

“ಆದ್ರೆ ನಾನು ನಿಧಾನ. ಒಂದು ಕಂಪ್ಯೂಟರ್ ಆರಿಸಕ್ಕೇ ಒಂದು ತಿಂಗಳು ತಗೊಂಡೋಳು.”

“ಕಾಯ್ತೀನಿ.”

“ಎಷ್ಟು ದಿನ?”

“ನೀವು ಸಾಕು ಅನ್ನೋವರ್ಗೂ.”

ಸುಚಿತ್ರಾ ಅವನ ಮುಖ ನೋಡಿದಳು. ಅದರಲ್ಲಿ ಮುಚ್ಚಿಟ್ಟಿದ್ದು ಏನೂ ಕಾಣಲಿಲ್ಲ.

“ಹಂಗಾದ್ರೆ,” ಎಂದಳು ಮೆಲ್ಲಗೆ, “ಜಾಸ್ತಿ ಕಾಯಿಸಲ್ಲ.”