ಬಾಗಿಲಿಗೆ ಈ ಕಡೆ ನಾನು

ಅವಳ ಕಣ್ಣಿಗೆ ಮೊದಲು ಬಿದ್ದದ್ದು ಬಾಗಿಲು. ಕಾಡು, ಕೆರೆ, ಮರಗಳ ಸಂದಿಯಿಂದ ಇಳಿದ ಎಳೆ ಬಿಸಿಲು, ಇವೆಲ್ಲ ಆಮೇಲೆ. ದಪ್ಪ ಹಲಗೆಯ ಗಿಡ್ಡ ಬಾಗಿಲು. ಅದರ ಹಿಂದೆ ಒಂದು ಮರದ ಕೋಣೆ, ಆ ಕೋಣೆಗೆ ಅಂಗೈಯಗಲದ ಒಂದೇ ಕಿಟಕಿ.

"ಹೇಗಿದೆ?" ಎಂದ ಅವನು, ಕಾರಿನಿಂದ ಟವೆಲ್ ಚೀಲ ಇಳಿಸುತ್ತಾ. ಮುಖದಲ್ಲಿ ಪಂದ್ಯ ಗೆದ್ದು ಬಂದವನ ಕಳೆ.

"ಚೆನ್ನಾಗಿದೆ," ಎಂದಳು. ಕಣ್ಣು ಇನ್ನೂ ಬಾಗಿಲಿನ ಮೇಲೆಯೇ ಇತ್ತು.

"ಇಡೀ ದಿನ ನಮ್ಮಿಬ್ಬರಿಗೇ! ಹಾರ್ನ್ ಇಲ್ಲ, ಟ್ರಾಫಿಕ್ ಇಲ್ಲ. ಸೌನಾ ಅಂದ್ರೆ ಏನೂ ಇಲ್ಲ, ಒಳಗೆ ಕಲ್ಲು ಕಾಯಿಸಿರ್ತಾರೆ, ಬಾಗಿಲು ಹಾಕ್ಕೊಂಡು ಬಿಸಿಯಲ್ಲಿ ಕೂತ್ಕೊಳ್ಳೋದು. ಬೆವರೋದು. ಆಮೇಲೆ ಓಡಿಹೋಗಿ ಕೆರೆಗೆ ಬೀಳೋದು."

"ಬೆವರೋಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ಬೇಕರಿಗೆ ಬಂದಿದ್ರೆ ಓವನ್ ಮುಂದೆ ನಿಲ್ಲಿಸಿ ಫ್ರೀಯಾಗಿ ಬೆವರಿಸ್ತಿದ್ದೆ."

ಅವನು ನಕ್ಕ. ನಗುವಾಗ ಅವನ ಎಡಹುಬ್ಬು ಮಾತ್ರ ಮೇಲೇರುತ್ತದೆ. ಆ ಹುಬ್ಬಿಗೆ ಅವಳು ಸೋತು ಎರಡು ವರ್ಷವಾಗಿತ್ತು. ಬೇರೆ ದಿನವಾಗಿದ್ದರೆ ಇನ್ನೊಮ್ಮೆ ಸೋಲುತ್ತಿದ್ದಳು. ಈವತ್ತು ಅವಳ ಕಿವಿಯಲ್ಲಿ ಕೂತದ್ದು ಒಂದೇ ಮಾತು, ಬಾಗಿಲು ಹಾಕ್ಕೊಂಡು.

ಇವರ ಪ್ರೀತಿ ಶುರುವಾದದ್ದೇ ಒಂದು ಹಾಕಿದ ಬಾಗಿಲಿನಿಂದ. ಅವಳು ಬೇಕರಿಯವಳು. ಅಂದು ಆಫೀಸೊಂದಕ್ಕೆ ಬನ್ನಿನ ಚೀಲ ಹಿಡಿದು ಹೋದವಳು ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಬಿದ್ದಳು. ದೀಪವೂ ಹೋಯಿತು. ಅಷ್ಟರಲ್ಲಿ ಹೊರಗಿನಿಂದ ಒಂದು ಗಂಡಸಿನ ದನಿ ಬಂತು. "ಹೆದರ್ಕೋಬೇಡಿ. ಬಾಗಿಲಿಗೆ ಈ ಕಡೆ ನಾನಿದೀನಿ. ನೀವು ಬನ್ ಹೇಗೆ ಮಾಡ್ತೀರಿ ಹೇಳಿ ನೋಡೋಣ." ಅವಳು ಹಿಟ್ಟು, ಉಪ್ಪು, ಯೀಸ್ಟು ಅಂತ ಹೇಳುತ್ತಲೇ ಹೋದಳು, ಅವನು ಹೂಂಗುಟ್ಟುತ್ತಲೇ ಬಾಗಿಲು ಬಿಡಿಸಿದ. ಹೊರಬಂದಾಗ ಆ ದನಿಯ ಲಿಫ್ಟ್ ಮೆಕ್ಯಾನಿಕ್ ಹೇಳಿದ ಮೊದಲ ಮಾತು: "ನಾನು ನೋಡಿದವರಲ್ಲಿ ನಿಮ್ಮಷ್ಟು ಧೈರ್ಯದವರು ಇನ್ನೊಬ್ಬರಿಲ್ಲ."

ಆ ಮಾತೇ ಅವಳ ಕೊರಳಿಗೆ ಉರುಳಾಯಿತು. ಅಂದಿನಿಂದ ಅವಳು ಒಂದೇ ಒಂದು ಲಿಫ್ಟ್ ಹತ್ತಿಲ್ಲ. ಬಚ್ಚಲಿಗೆ ಚಿಲಕ ಹಾಕಿದರೂ ಎದೆ ಹೊಡೆದುಕೊಳ್ಳುತ್ತದೆ. ಅವನ ಜೊತೆ ಎಲ್ಲಿಗೆ ಹೋದರೂ "ವ್ಯಾಯಾಮ" ಎನ್ನುತ್ತಾ ಮೆಟ್ಟಿಲು ಹತ್ತುತ್ತಾಳೆ. ಅವನು ಮೆಚ್ಚಿದ್ದು ಧೈರ್ಯದ ಹುಡುಗಿಯನ್ನು. ಆ ಹುಡುಗಿ ಇಲ್ಲವೇ ಇಲ್ಲ ಎಂದು ಗೊತ್ತಾದರೆ ಇವಳಲ್ಲಿ ಉಳಿಯುವುದೇನು?

ನಿನ್ನೆ ಅಕ್ಕ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: "ಹದಿನಾಲ್ಕನೇ ಮಹಡಿಯಲ್ಲಿ ಮನೆ ನೋಡಿದಾನಂತೆ. ಹಾಲಿಗೆ ಇಳಿದರೂ ವ್ಯಾಯಾಮ, ಪೇಪರಿಗೆ ಇಳಿದರೂ ವ್ಯಾಯಾಮ ಅಂತೀಯಾ? ನಾಳೆ ಹೇಳಿಬಿಡೇ. ಅವನಾಗಿ ಕಂಡುಹಿಡಿದ್ರೆ ಇನ್ನೂ ಕಷ್ಟ."

ಹೇಳಿಬಿಡಬೇಕು ಎಂದುಕೊಂಡೇ ಬಂದಿದ್ದಳು. ಕೆರೆಯ ದಂಡೆಯಲ್ಲಿ, ಬಯಲಿನಲ್ಲಿ, ಉಸಿರಿಗೆ ಜಾಗವಿರುವ ಕಡೆ. ಆದರೆ ಸೌನಾ ನೋಡಿಕೊಳ್ಳುವ ಹೆಂಗಸು ಆಗಲೇ ಒಲೆ ಹೊತ್ತಿಸಿ ಕೈ ಒರೆಸಿಕೊಳ್ಳುತ್ತಿದ್ದಳು.

"ಕಲ್ಲು ಕಾದಿದೆ. ನೀರು ಹುಯ್ದರೆ ಹಬೆ ಏಳುತ್ತೆ. ಮಧ್ಯಾಹ್ನ ಊಟ ತರ್ತೀನಿ. ಫೋನ್ ಹಿಡಿಯಲ್ಲ ಇಲ್ಲಿ, ಸಿಗ್ನಲ್ ಹುಡುಕಿ ಸುಸ್ತಾಗಬೇಡಿ." ಇಷ್ಟು ಹೇಳಿ ಸೈಕಲ್ ಹತ್ತಿ ಹೊರಟೇಹೋದಳು. ಸೈಕಲ್ಲಿನ ಕಿರುಗುಟ್ಟುವಿಕೆ ನಿಂತ ಮೇಲೆ ಕಾಡು ಎಷ್ಟು ದೊಡ್ಡದು ಎನ್ನುವುದು ಅವಳಿಗೆ ಗೊತ್ತಾಯಿತು.

ಬಾಗಿಲು ಸಡಿಲವಾಗಿತ್ತು. ಹಾಕಿದರೂ ಮೇಲೆ ಒಂದು ಬೆರಳು ಹೋಗುವಷ್ಟು ಸಂದಿ ಉಳಿಯುತ್ತಿತ್ತು, ಅದರಲ್ಲಿ ಆಕಾಶದ ಒಂದು ಗೆರೆ. ಆ ಗೆರೆ ನೋಡಿಕೊಂಡು ಕೂತರೆ ಬದುಕಿಕೊಂಡೇನು ಎಂದು ಅವಳು ಲೆಕ್ಕ ಹಾಕಿದಳು.

ಅವನು ಲೆಕ್ಕ ಹಾಕಿದ್ದೇ ಬೇರೆ. "ಛೆ, ಬಿಸಿಯೆಲ್ಲ ಸೋರಿಹೋಗುತ್ತೆ," ಎನ್ನುತ್ತಾ ಕಾರಿನಿಂದ ಸ್ಕ್ರೂಡ್ರೈವರ್ ತಂದ. ಬಾಗಿಲು ಕಂಡರೆ ಸುಮ್ಮನಿರುವ ಜಾತಿಯಲ್ಲ ಅವನು. ಬಾಗಿಲ ಕೀಲಿನಡಿಗೆ ರಟ್ಟಿನ ಚೂರು ಕೊಟ್ಟು, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು, ತೆಗೆದು ಹಾಕಿ ನೋಡಿದ. ಸಂದಿ ಮಾಯವಾಯಿತು.

"ನೋಡು, ಗಾಳಿ ಕೂಡ ಆಡಲ್ಲ ಈಗ," ಎಂದ ಹೆಮ್ಮೆಯಿಂದ.

"ಏನು ಕೈಚಳಕನಪ್ಪಾ," ಎಂದಳು. ಪ್ರೀತಿಯಲ್ಲಿ ಸಿಕ್ಕಿದವರು ಎಂತೆಂಥ ಮಾತಾಡುತ್ತಾರೆ ಎನ್ನುವುದಕ್ಕೆ ಇದೊಂದು ಸಾಲದೇ?

ಒಳಗೆ ಕತ್ತಲು ಕಂದು ಬಣ್ಣದ್ದಾಗಿತ್ತು. ಮರದ ವಾಸನೆ, ಒಲೆಯೊಳಗೆ ಸೌದೆಯ ಚಟಪಟ. ಮೈಗೊಂದು, ಹೆಗಲಿಗೊಂದು ಟವೆಲ್ ಹಾಕಿಕೊಂಡು ಇಬ್ಬರೂ ಮೇಲಿನ ಹಲಗೆಯ ಮೇಲೆ ಕೂತರು. ಅವನು ಕಲ್ಲಿನ ಮೇಲೆ ನೀರು ಹುಯ್ದ. ಹಬೆ ಭುಸ್ಸೆಂದು ಎದ್ದು ಇಬ್ಬರ ಮುಖವನ್ನೂ ಮುಚ್ಚಿತು.

"ನಿನ್ನ ಮೂಗಿನ ತುದಿಯಲ್ಲಿ ಬೆವರಿನ ಹನಿ," ಎಂದ.

"ನೋಡಬೇಡ."

"ಬೇರೆ ಏನು ನೋಡಲಿ? ಕಲ್ಲು ನೋಡಲಾ?"

ಅವನ ಕಣ್ಣು ಅವಳ ಮೂಗಿನಿಂದ ತುಟಿಗೆ ಇಳಿದು, ಸಿಕ್ಕಿಬಿದ್ದ ಕಳ್ಳನ ಹಾಗೆ ಒಲೆಯ ಕಡೆ ತಿರುಗಿತು. ಅವಳಿಗೆ ನಗು ಬಂತು, ಉಸಿರು ಬರಲಿಲ್ಲ. ಕೈಕಾಲು ಆ ಬಿಸಿಯಲ್ಲೂ ತಣ್ಣಗಾಗಿದ್ದವು. ಹಬೆ ಎದ್ದಷ್ಟೂ ಗೋಡೆಗಳು ಹತ್ತಿರ ಸರಿದಂತೆ ಅನಿಸಿತು. ಅವನು ಮತ್ತೆ ನೀರು ಹುಯ್ದ, ಮತ್ತೆ ಹುಯ್ದ. ಬಾಗಿಲು ಇದೆ, ದೂಡಿದರೆ ತೆರೆಯುತ್ತದೆ ಎಂದು ಮನಸ್ಸಿನಲ್ಲೇ ಜಪ ಮಾಡಿದಳು.

"ನಿನಗೊಂದು ಮಾತು ಹೇಳ್ಬೇಕು," ಎಂದಳು ಕೊನೆಗೆ.

"ನನಗೂ ಒಂದು ಮಾತು ಹೇಳೋದಿದೆ." ಅವನ ಕೈ ಪಕ್ಕದಲ್ಲಿದ್ದ ಇನ್ನೊಂದು ಟವೆಲಿನ ಮಡಿಕೆಯನ್ನು ಸುಮ್ಮನೆ ಒತ್ತಿ ನೋಡಿತು. "ನೀನೇ ಮೊದಲು ಹೇಳು."

"ಹೊರಗೆ ಹೋಗಿ ಹೇಳ್ತೀನಿ. ಸ್ವಲ್ಪ ಗಾಳಿ ಬೇಕು."

ಅವನು ಇಳಿದು ಬಾಗಿಲು ದೂಡಿದ. ಬಾಗಿಲು ಅಲುಗಲಿಲ್ಲ. ನಗುತ್ತಲೇ ಇನ್ನೊಮ್ಮೆ ದೂಡಿದ. ಹೆಗಲು ಕೊಟ್ಟು ದೂಡಿದ. ಅವನ ಎಡಹುಬ್ಬು ಕೆಳಗಿಳಿಯಿತು.

ಅವಳಿಗೆ ಜೀವ ಬಾಯಿಗೆ ಬಂತು. ಎರಡು ವರ್ಷ ಕನಸಿನಲ್ಲಿ ಬಂದು ಹೆದರಿಸಿದ್ದು ಈಗ ಕಣ್ಣೆದುರಿಗೇ ಆಗುತ್ತಿದೆ, ಇನ್ನು ಕಿರುಚುವುದೊಂದೇ ಬಾಕಿ ಎಂದುಕೊಂಡಳು. ಬಾಯಿ ತೆರೆದೂಬಿಟ್ಟಳು.

ಕಿರುಚಿದವನು ಅವನು.

"ತೆಗೀರಿ! ಯಾರಾದ್ರೂ ಇದೀರಾ? ತೆಗೀರಿ!" ಎರಡೂ ಕೈಯಿಂದ ಬಾಗಿಲು ಬಡಿದ. ಹೊರಗೆ ಹಕ್ಕಿಯೊಂದು ಹಾರಿಹೋದ ಸದ್ದು ಬಿಟ್ಟರೆ ಉತ್ತರವಿಲ್ಲ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಉಸಿರು ತುಂಡುತುಂಡಾಗಿ ಬರುತ್ತಿತ್ತು. "ಆಗ್ತಿಲ್ಲ... ನನಗೆ ಆಗ್ತಿಲ್ಲ..." ಎನ್ನುತ್ತಾ ಗೋಡೆಗೆ ಒರಗಿ ಕುಸಿದ.

ಆಗ ಅವಳಿಗೆ ಹೊಳೆಯಿತು. ಈ ಮನುಷ್ಯ ಜೀವಮಾನವಿಡೀ ಬಾಗಿಲಿನ ಹೊರಗಡೆ ನಿಂತವನು. ಒಳಗಡೆ ಹೇಗಿರುತ್ತದೆ ಎಂದು ಈವತ್ತೇ ಮೊದಲ ಸಲ ನೋಡುತ್ತಿದ್ದಾನೆ.

ಅವಳ ಭಯ ಹೋಗಲಿಲ್ಲ. ಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಬಿಸಿಯ ವಿಷಯ ಅವಳಿಗೆ ಗೊತ್ತಿತ್ತು. ಟವೆಲ್ ತುದಿಯಲ್ಲಿ ಹಿಡಿದು ಒಲೆಗೆ ಗಾಳಿ ಹೋಗುವ ಬಾಯಿಯ ಮುಚ್ಚಳ ಹಾಕಿದಳು, ಬೆಂಕಿ ಮಂಕಾಯಿತು. ಗೋಡೆಯ ಬುಡದಲ್ಲಿದ್ದ ಗಾಳಿಕಿಂಡಿಯ ಸಣ್ಣ ಹಲಗೆ ಸರಿಸಿದಳು, ತಣ್ಣನೆಯ ಗಾಳಿಯ ಎಳೆಯೊಂದು ಒಳಗೆ ಬಂತು. ಅವನನ್ನು ಎಳೆದು ಆ ಗಾಳಿಗೆ ಮುಖ ಕೊಟ್ಟು ಮಲಗಿಸಿ, ಅವನ ಕೈ ಹಿಡಿದಳು.

"ಕೇಳಿಸ್ತಿದೆಯಾ? ಬಾಗಿಲಿಗೆ ಈ ಕಡೆ ನಾನಿದೀನಿ. ನಿನ್ನ ಕಡೆಗೇ ಇದೀನಿ. ನನ್ನ ಮಾತಿಗೆ ಉತ್ತರ ಕೊಡು. ಬಾಗಿಲು ಸಿಕ್ಕಿಕೊಂಡ್ರೆ ನೀನು ಮೊದಲು ಏನು ನೋಡ್ತೀಯ?"

"ಗೊತ್ತಿಲ್ಲ..."

"ಗೊತ್ತು ನಿನಗೆ. ಹೇಳು."

"ಎಲ್ಲಿ... ಎಲ್ಲಿ ಒತ್ತುತ್ತಿದೆ ಅಂತ."

"ಎಲ್ಲಿ ಒತ್ತುತ್ತಿದೆ?"

ಅವನು ತಲೆಯೆತ್ತಿ ನೋಡಿದ. ನೋಡುತ್ತಾ ನೋಡುತ್ತಾ ಅವನ ಕಣ್ಣಿಗೆ ಕೆಲಸದ ಕಳೆ ಬಂತು. "ಮೇಲಿನ ಮೂಲೆ. ಅಯ್ಯೋ, ನಾನು ಬಿಗಿ ಮಾಡಿದ್ದು! ಹಬೆಗೆ ಮರ ಉಬ್ಬಿದೆ ಕಣೇ. ಮಧ್ಯ ದೂಡಿದ್ರೆ ಬರಲ್ಲ. ಮೇಲೇ ಹೊಡೀಬೇಕು."

ಮೇಲೆ ಎಂದರೆ ಬಿಸಿಯೆಲ್ಲ ಕೂತಿದ್ದ ಜಾಗ. ಇಬ್ಬರೂ ಎದ್ದು ನಿಂತು, ಅಂಗೈಗೆ ಹೆಗಲಿನ ಟವೆಲ್ ಸುತ್ತಿ, ಉಸಿರು ಬಿಗಿಹಿಡಿದು ಒಟ್ಟಿಗೆ ದೂಡಿದರು. ಆಗಲಿಲ್ಲ. ಇನ್ನೊಮ್ಮೆ ದೂಡಿದರು. ಮೂರನೆಯ ಸಲ ಬಾಗಿಲು ಚಟಾರೆಂದು ಬಿಟ್ಟುಕೊಂಡಿತು, ಇಬ್ಬರೂ ಒಬ್ಬರ ಮೇಲೊಬ್ಬರು ಹುಲ್ಲಿನ ಮೇಲೆ ಬಿದ್ದರು.

ಬೆನ್ನಿಗೆ ಚುಚ್ಚುವ ಹುಲ್ಲು, ಮೇಲೆ ಬೇಕಾದಷ್ಟು ಆಕಾಶ.

ಅವಳು ಆಕಾಶ ನೋಡುತ್ತಲೇ ಹೇಳಿದಳು: "ಅವತ್ತು ನೀನು ಹೇಳಿದ್ದು ತಪ್ಪು. ನಾನು ಧೈರ್ಯವಂತೆ ಅಲ್ಲ. ಅವತ್ತಿಂದ ಲಿಫ್ಟ್ ಹತ್ತಿಲ್ಲ. ವ್ಯಾಯಾಮ ಅಂದಿದ್ದೆಲ್ಲ ಸುಳ್ಳು. ಈ ಕೋಣೆ ನೋಡಿದಾಗಿಂದ ಸಾಯ್ತಾ ಇದ್ದೆ. ಬಿಟ್ಟುಹೋಗೋದಾದ್ರೆ ಈಗಲೇ ಹೇಳು."

ಅವನು ಎದ್ದು ಕೂತ. "ಅವತ್ತು ಏನು ಹೇಳಿದ್ದೆ?"

"ನನ್ನಷ್ಟು ಧೈರ್ಯದವರು ಇನ್ನೊಬ್ಬರಿಲ್ಲ ಅಂತ."

ಅವನು ಕಿವಿ ಕೆರೆದುಕೊಂಡ. "ಅದು... ಅದನ್ನ ನಾನು ಎಲ್ಲರಿಗೂ ಹೇಳ್ತೀನಿ."

"ಏನು?"

"ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟಿದ್ದು. ಲಿಫ್ಟಿಂದ ಹೊರಗೆ ಬಂದವರಿಗೆ ಮೊದಲು ಅದನ್ನೇ ಹೇಳಬೇಕು, ಆಗ ಅವರ ಕೈ ನಡುಗೋದು ನಿಲ್ಲುತ್ತೆ ಅಂತ. ಎಲ್ಲರಿಗೂ ಅದೇ ಮಾತು. ಒಂದು ಸಲ ಒಂದು ನಾಯಿಗೂ ಹೇಳಿದೀನಿ."

ಅವಳಿಗೆ ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ಬಂದವು. ಕೈಗೆ ಸಿಕ್ಕ ಟವೆಲ್ಲಿನಿಂದ ಅವನಿಗೆ ಬಾರಿಸಿದಳು. "ಎರಡು ವರ್ಷ! ಎಷ್ಟು ಮೆಟ್ಟಿಲು ಹತ್ತಿದೀನಿ ಗೊತ್ತಾ? ಹಾಗಾದ್ರೆ ಏನು ಕಂಡು ನನ್ನ ಹಿಂದೆ ಬಿದ್ದೆ?"

"ನಿನ್ನ ಕೈ ನಿಲ್ಲಲೇ ಇಲ್ಲ. ನಡುಗೋ ಕೈಯಲ್ಲೇ ಚೀಲದಿಂದ ಒಂದು ಬನ್ ತೆಗೆದು, 'ಎಷ್ಟೊತ್ತಿಂದ ನಿಂತಿದೀರೋ, ತಿನ್ನಿ' ಅಂದೆ. ಹೊರಗೆ ಬಂದವರೆಲ್ಲ ಓಡಿಹೋಗ್ತಾರೆ ಕಣೇ. ಹೊರಗೆ ನಿಂತವನ ಹಸಿವು ಕೇಳಿದವಳು ನೀನೊಬ್ಬಳೇ."

ಅವಳ ಕೈಯಲ್ಲಿದ್ದ ಟವೆಲ್ ಹಾಗೇ ಕೆಳಗಿಳಿಯಿತು. ಅವನು ಇದ್ದಕ್ಕಿದ್ದಂತೆ ತನ್ನ ಎರಡೂ ಕೈ ನೋಡಿಕೊಂಡು, ತಲೆ ತಿರುಗಿಸಿ ಆ ಬಾಗಿಲು ನೋಡಿದ. ಮುಖ ಮತ್ತೆ ಬಿಳಿಚಿತು.

"ಒಳಗೆ ಬಿಟ್ಟು ಬಂದೆ."

"ಏನನ್ನ?"

"ಇನ್ನೊಂದು ಟವೆಲ್. ಅದರ ಮಡಿಕೆಯಲ್ಲಿ ಉಂಗುರ ಇತ್ತು." ದನಿ ನೆಲಕ್ಕಿಳಿದಿತ್ತು. "ನನ್ನ ಕೈಲಿ ಮತ್ತೆ ಒಳಗೆ ಹೋಗೋಕೆ ಆಗಲ್ಲ."

ಅವಳು ಬಾಗಿಲು ನೋಡಿದಳು. ಅವಳ ಕೈಲೂ ಆಗುತ್ತಿರಲಿಲ್ಲ. ಆದರೂ ಎದ್ದಳು, ಅವನನ್ನೂ ಎಬ್ಬಿಸಿದಳು. ಬೆರಳಿಗೆ ಬೆರಳು ಹೆಣೆದು ಹೊಸ್ತಿಲ ತನಕ ಹೋದರು. ಬಾಗಿಲು ಮುಚ್ಚದಂತೆ ಕಲ್ಲೊಂದನ್ನು ಇಟ್ಟರು, ಸಾಲದೆಂದು ಇನ್ನೊಂದನ್ನು ಇಟ್ಟರು. ಕಣ್ಣು ಕಿರಿದು ಮಾಡಿಕೊಂಡು ಒಟ್ಟಿಗೆ ಒಳನುಗ್ಗಿ, ಟವೆಲ್ ಬಾಚಿಕೊಂಡು, ಅಟ್ಟಿಸಿಕೊಂಡು ಬಂದವರ ಹಾಗೆ ಹೊರಗೋಡಿ ಬಂದರು.

ಅವನು ಮಡಿಕೆ ಬಿಡಿಸಿ, ಉಂಗುರ ಮುಟ್ಟಿ, "ಸ್ಸ್! ಸುಡ್ತಾ ಇದೆ, ಆಮೇಲೆ ಹಾಕ್ಕೋ," ಎಂದ.

"ಆಮೇಲೆ ಯಾಕೆ? ಟ್ರೇ ಹಿಡಿದೂ ಹಿಡಿದೂ ಈ ಬೆರಳಿಗೆ ಬಿಸಿ ತಾಗಲ್ಲ. ಆದರೆ ಮನೆ ನೆಲಮಹಡಿಯಲ್ಲಿ ನೋಡಬೇಕು."

"ಬೇರೆ ಮಾತೇ ಇಲ್ಲ. ನನಗೂ ಇನ್ಮೇಲೆ ಅದೇ ಒಳ್ಳೇದು." ಬಿಸಿ ಉಂಗುರವನ್ನು ಟವೆಲ್ ತುದಿಯಲ್ಲಿ ಹಿಡಿದು ಅವಳ ಬೆರಳಿಗೆ ತೊಡಿಸುವಾಗ ಅವನ ಕೈ ನಡುಗುತ್ತಲೇ ಇತ್ತು. ಅವಳು ಆ ಕೈಯನ್ನು ತನ್ನ ಎರಡೂ ಅಂಗೈಯೊಳಗೆ ತೆಗೆದುಕೊಂಡಳು.

"ನಾನು ನೋಡಿದವರಲ್ಲಿ," ಎಂದಳು, "ನಿಮ್ಮಷ್ಟು ಧೈರ್ಯದವರು ಇನ್ನೊಬ್ಬರಿಲ್ಲ."

ಮೇಸ್ತ್ರಿ ಹೇಳಿದ್ದು ನಿಜವಾಗಿತ್ತು. ಅವನ ಕೈ ನಿಂತಿತು.