ಮುಟ್ಟದ ತಡೆಯಾಜ್ಞೆ

ಬೆಳಗಾವಿಯಲ್ಲಿ ಬಡ್ಡಿ ದುಡ್ಡಿನಲ್ಲೇ ಮಹಡಿ ಎಬ್ಬಿಸಿದವರೆಲ್ಲ ಊರ ದೊಡ್ಡವರೆನಿಸಿಕೊಂಡಿದ್ದರು. ಕೋರ್ಟಿನ ಕಣ್ಣಿಗೆ ಬಿದ್ದದ್ದು ತಾನು ಕಂತು ಕಟ್ಟಿಸಿಕೊಂಡು ನಡೆಸುವ ಬಹುಮಾನದ ಚೀಟಿಯೊಂದೇ! ದುಂಡಪ್ಪನಿಗೆ ಹೊಟ್ಟೆ ಉರಿಯಿತು. ಸರಕಾರ ಇಂಥ ಚೀಟಿಗಳನ್ನು ನಿಷೇಧಿಸಿ ಎರಡು ವರ್ಷವಾಗಿತ್ತು, ನಿಜ. ಆದರೆ ಕಾನೂನು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವನು ಅವನು.

ಕೋರ್ಟಿನ ಗುಮಾಸ್ತ ಪಿಸುಗುಟ್ಟಿದ. "ತಡೆಯಾಜ್ಞೆ ಆತ್ರಿ ಸಾವಕಾರ್ರ. ಇನ್ನ ಯಾರ ಕಡೆನೂ ಪೈಸಾ ಇಸ್ಕೊಳ್ಳಂಗಿಲ್ಲ."

ಗುಮಾಸ್ತ ಎಲ್ಲೂ ಬಾಯಿ ಬಿಡುವವನಲ್ಲ, ಬಿಟ್ಟರೆ ಅವನ ನೌಕರಿಯೇ ಹೋಗುತ್ತದೆ. ಬೇಲೀಫ ಆಜ್ಞೆಯನ್ನು ಕೈಗೆ ಕೊಡುವ ಮೊದಲೇ ಊರು ಬಿಡಬೇಕು. ಆಜ್ಞೆ ಮುಟ್ಟದವನಿಗೆ ಆಜ್ಞೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮುರಿದವನಿಗೆ ಜೈಲೆಲ್ಲಿ? ದುಂಡಪ್ಪ ಮನೆಗೆ ಬೀಗ ಜಡಿದು ಖಾನಾಪುರದ ಬಸ್ಸು ಹತ್ತಿದ.

ಅಲ್ಲಿ ಅವನ ವಿಧವೆ ಅಕ್ಕ ಕಾಶವ್ವನ ಮನೆ. ಅಂದು ಹಂಚಿನ ಕಾರ್ಖಾನೆಯ ಪಗಾರದ ದಿನ. ಸಂಜೆ ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು, ತನ್ನ ಚೀಟಿ ಕಟ್ಟುವ ಕೂಲಿಗಳಿಂದ ಕೊನೆಯ ಕಂತು ವಸೂಲಿ ಮಾಡಿದ. ಹಂಚು ಹೊರುವ ಮದರಬೀ ಸೆರಗಿನ ಗಂಟು ಬಿಚ್ಚಿದಳು.

"ಮಗಳ ಲಗ್ನದ ರೊಕ್ಕ ಐತ್ರಿ."

"ನನ್ನ ಮ್ಯಾಲೆ ನಂಬಿಕಿ ಇಡಬೇ," ಎಂದು ಎಣಿಸಿ ಚೀಲಕ್ಕೆ ಹಾಕಿದ. ಆ ಹಣ ಮರಳಿ ಯಾರಿಗೂ ಸಿಗಲಿಲ್ಲ.

ಆಜ್ಞೆ ಮುರಿದನೆಂದು ದೂರು ಬಂತು. ಅದನ್ನೂ ಅವನು ಮೊದಲೇ ಎಣಿಸಿದ್ದ. ಬೇಲೀಫನೇ ಕಟಕಟೆಯಲ್ಲಿ ನಿಂತು, ಮನೆಗೆ ಬೀಗವಿತ್ತು, ಆಜ್ಞೆ ಮುಟ್ಟಿಸಲಾಗಲಿಲ್ಲ ಎಂದ. ಉಳಿದದ್ದು ಕಾಶವ್ವನ ಸಾಕ್ಷಿ. ಸುಳ್ಳು ಹೇಳಿಸುವ ಗೋಜೂ ಇರಲಿಲ್ಲ. ಬೇಲೀಫ ಬಂದ ದಿನ ತಮ್ಮ ತನ್ನ ಮನೆಯಲ್ಲಿದ್ದ ಎಂದರೆ ಸಾಕು. ಆಕೆ ಹಾಗೇ ಹೇಳಿದಳು. ದುಂಡಪ್ಪನ ವಕೀಲರು ನಿರಾಳವಾಗಿ ಕುಳಿತರು.

ಎದುರು ವಕೀಲರು ಕೇಳಬೇಕಲ್ಲ ಎಂದು ಒಂದೇ ಪ್ರಶ್ನೆ ಕೇಳಿದರು: "ಅವತ್ತ ನೀವೂ ಕಂತು ಕಟ್ಟಿದ್ರೇನ್ರಿ?" ಹಿಂದಿನ ಬೆಂಚಿನಿಂದ ಮದರಬೀ ದುಂಡಪ್ಪನನ್ನು ಕಳ್ಳನಂತೆ ನೋಡುತ್ತಿದ್ದುದು ಕಾಶವ್ವನಿಗೆ ಸಹಿಸಲಾಗದಾಗಿತ್ತು. ಅವನ ಒಳ್ಳೆಯತನ ಹೇಳಲು ಕಡೆಗೂ ಸಿಕ್ಕ ಅವಕಾಶವೆಂದು ಸೆರಗು ಸರಿಮಾಡಿಕೊಂಡಳು. "ಕಟ್ಟಾಕ ಹೋಗಿದ್ದೆ ಖರೇ, ನನ್ನ ತಮ್ಮ ಇಸ್ಕೊಳ್ಳಲಿಲ್ರಿ. ಒಳಗ ಕರದು, 'ಕೋರ್ಟ್ ಬಂದ್ ಮಾಡೇತಿ, ರೊಕ್ಕ ಮುಳಗತೈತಿ, ನೀ ಒಬ್ಬಾಕಿ ಮಾತ್ರ ಕೊಡಬ್ಯಾಡಕ್ಕಾ' ಅಂದ. ಇಂಥಾ ತಮ್ಮ ಯಾರಿಗದಾನ್ರಿ?"