ಮೂವತ್ತೊಂದರ ನಂತರದ ಚೀಟಿ

ಮಿಡಿಗೇಶಿಯ ಮೊದಲ ಬಸ್ಸಿನಿಂದ ಗಿರಿಯಮ್ಮನನ್ನು ಇಳಿಸಿ ಹೊತ್ತು ತಂದಾಗ ನಮ್ಮ ಚಿಕಿತ್ಸಾ ಕೇಂದ್ರದ ಬಾಗಿಲು ಆಗಷ್ಟೇ ತೆರೆದಿತ್ತು.

"ನಮ್ಮವ್ವನ ಕಣ್ಣು ನೋಡಮ್ಮ," ಎಂದ ಅವಳ ಮಗ. "ಅರಿಸಿನ ಬಳ್ದಂಗೆ ಆಗೈತೆ. ಮೂರು ದಿನದಿಂದ ಹೊಟ್ಟೇಲಿ ನೀರೂ ನಿಲ್ತಿಲ್ಲ."

ಅವನ ಕೈಯಲ್ಲಿದ್ದ ಗುಳಿಗೆಯ ಪೊಟ್ಟಣ ಇಸಿದುಕೊಂಡು ನೋಡಿದೆ. ಅದರ ಮೇಲೆ 14 ಎಂದಿತ್ತು.

ಗಿರಿಯಮ್ಮನಿಗೆ ಕೊಡಬೇಕಾದದ್ದು 114!

1988ರ ಆ ದಿನಗಳಲ್ಲಿ ಮಧುಗಿರಿಯಲ್ಲಿ ಕ್ಷಯದ ಹೆಸರು ಹೇಳಿದರೆ ಜನ ಮುಖ ತಿರುಗಿಸುತ್ತಿದ್ದರು. ಮಗಳ ಮದುವೆ ತಪ್ಪುತ್ತಿತ್ತು, ಬಾಡಿಗೆ ಮನೆ ಬಿಡಿಸುತ್ತಿದ್ದರು. ಅದಕ್ಕೇ ನಮ್ಮ ಖಾಸಗಿ ಸಂಸ್ಥೆ ಚೀಟಿಯಲ್ಲಿ ಹೆಸರು ಹಾಕುತ್ತಿರಲಿಲ್ಲ, ಔಷಧದ ಸಂಖ್ಯೆ ಮಾತ್ರ. 14 ಎಂದರೆ ಎಲ್ಲರಿಗೂ ಕೊಡುವ ಗುಳಿಗೆ. 31 ಎಂದರೆ ಇಂಜೆಕ್ಷನ್. 114 ಎಂದರೆ ಹಿಂದೊಮ್ಮೆ ಕಾಮಾಲೆ ಆದವರಿಗೆ ಬೇರೆ ಗುಳಿಗೆ. ಅವರಿಗೆ 14 ಕೊಟ್ಟರೆ ವಿಷ ಕೊಟ್ಟಂತೆ. ಯುಗಾದಿಯ ಹೊತ್ತಿಗೆ ಬಂದ ಹೊಸ ಕಂಪ್ಯೂಟರಿನಲ್ಲಿ ಅಫ್ಜಲುನ್ನೀಸಾ ಸಂಖ್ಯೆ ಒತ್ತುತ್ತಿದ್ದಳು, ಚೀಟಿ ಅಚ್ಚಾಗಿ ಬರುತ್ತಿತ್ತು, ಅದೇ ಕೋಣೆಯಲ್ಲಿ ಕೂತ ನರ್ಸು ನಾನು, ಕಮಲಾಕ್ಷಮ್ಮ, ಔಷಧ ಕೊಡುತ್ತಿದ್ದೆ.

ಪೊಟ್ಟಣ ಕೊಟ್ಟ ಕೈ ನನ್ನದೇ.

ಗಿರಿಯಮ್ಮನನ್ನು ತುಮಕೂರಿನ ದೊಡ್ಡಾಸ್ಪತ್ರೆಗೆ ಕಳಿಸಿದ ಮೇಲೆ ಮೇಲ್ವಿಚಾರಕ ನಂದೀಶ್ವರಯ್ಯನವರು ನಮ್ಮಿಬ್ಬರನ್ನೂ ಕರೆದರು.

"ಯಾರ ತಪ್ಪು?"

"ನಾನು ಮೂರಂಕಿ ಒತ್ತಿದ್ದೆ ಸಾರ್, ಖುದಾ ಕಸಂ," ಎಂದಳು ಅಫ್ಜಲುನ್ನೀಸಾ. ಶಿರಾದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ, ಇಪ್ಪತ್ತೆರಡರ ವಯಸ್ಸು. "ಮೂರು ವಾರದಿಂದ ಹೇಳ್ತಾನೇ ಇದೀನಿ. ಕೀಬೋರ್ಡು ಒಂದೊಂದು ಸಲ ಅಂಕಿ ನುಂಗತ್ತೆ. ಒತ್ತಿದ್ದು ಬೀಳೋದೇ ಇಲ್ಲ."

"ಒಂದೊಂದು ಸಲ! ನಾನು ಒತ್ತಿದಾಗ ಯಾಕೆ ಬೀಳತ್ತೆ?"

ಬುಧವಾರ ಕಂಪ್ಯೂಟರಿನ ಇಂಜಿನಿಯರನೂ ಬಂದು ಎರಡು ಗಂಟೆ ಒತ್ತಿ ನೋಡಿದ. ಒಂದಂಕಿಯೂ ತಪ್ಪಲಿಲ್ಲ. 'ಯಂತ್ರ ಸರಿಯಿದೆ' ಎಂದು ಬರೆದುಕೊಟ್ಟು ಹೋದ.

"ಶನಿವಾರ ವಿಚಾರಣೆಗೆ ಸಂಸ್ಥೆಯ ಸಮಿತಿಯವರು ಬರ್ತಾರೆ," ಎಂದರು ನಂದೀಶ್ವರಯ್ಯ ಅಫ್ಜಲುನ್ನೀಸಾಗೆ. "ಅಷ್ಟರೊಳಗೆ ನಿನ್ನ ಕೈತಪ್ಪು ಅಂತ ಬರೆದು ರಾಜೀನಾಮೆ ಕೊಡಮ್ಮ. ಇಲ್ಲದಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡಬೇಕಾಗತ್ತೆ."

ಹುಡುಗಿ ಸುಳ್ಳು ಹೇಳುತ್ತಿಲ್ಲ. ಯಂತ್ರವೂ ಕೆಟ್ಟಿಲ್ಲ. ಹಾಗಾದರೆ? ನಾನೇ ಚೀಟಿ ಸರಿಯಾಗಿ ಓದಲಿಲ್ಲವೇ?

ಗುರುವಾರ ಸಂಜೆ ಮರುಳಸಿದ್ದಯ್ಯ ಮೇಷ್ಟ್ರ ಮನೆಗೆ ಹೋದೆ. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಕಳ್ಳ ಸಹಿ, ತಿದ್ದಿದ ಪತ್ರ ಬಂದಾಗ ಮುನ್ಸೀಫರೂ ಇವರನ್ನು ಕರೆಸಿ ಕೇಳುತ್ತಿದ್ದರಂತೆ. ಅಫ್ಜಲುನ್ನೀಸಾಗೆ ಟೈಪಿಂಗ್ ಕಲಿಸಿದವರೂ ಇವರೇ.

"ನಾನು ಕಂಪ್ಯೂಟರ್ ಮುಟ್ಟಿದವನಲ್ಲಮ್ಮ," ಎಂದರು. "ಆ ಹುಡುಗಿಯ ಬೆರಳು ಮಾತ್ರ ಗೊತ್ತು. ಅವು ಅಕ್ಷರ ಬಿಡೋ ಬೆರಳಲ್ಲ. ಚೀಟಿಗಳ ನಕಲು ಇದೆಯೇ?"

ಇತ್ತು. ಪ್ರತಿ ಚೀಟಿಯ ನಕಲೂ ಉದ್ದನೆಯ ಸುರುಳಿಯಲ್ಲಿ ಉಳಿಯುತ್ತಿತ್ತು.

ಶುಕ್ರವಾರ ಹತ್ತು ಗಂಟೆಗೆ ಕೇಂದ್ರಕ್ಕೆ ಬಂದವರೇ ಮೇಷ್ಟ್ರು ಸುರುಳಿಯನ್ನು ನೆಲದ ಮೇಲೆ ಹಾಸಿ, ಕೆಂಪು ಪೆನ್ಸಿಲ್ ಹಿಡಿದು ಕೂತರು. ನಂದೀಶ್ವರಯ್ಯ ಬಾಗಿಲಲ್ಲಿ ನಿಂತರು. ಬೇಡವೆನ್ನಲಿಲ್ಲ. ಒಳಗೂ ಬರಲಿಲ್ಲ.

"ಇದೇನು, 3 ಅಂತ ಇದೆ?"

"ಆ ಸಂಖ್ಯೆಯ ಔಷಧಾನೇ ಇಲ್ಲ ಮೇಷ್ಟ್ರೇ. ವಾಪಸ್ ಕಳಿಸಿ ಬೇರೆ ಚೀಟಿ ಮಾಡಿಸಿದ್ದೆ."

"ಇಂಥವು ಎಷ್ಟು?"

ಏಳು ಸಿಕ್ಕವು. ಗಿರಿಯಮ್ಮನದು ಸೇರಿ ಎಂಟು. ಒಂದೊಂದಕ್ಕೂ ಕೆಂಪು ಗೆರೆ ಎಳೆದು ಮೇಷ್ಟ್ರು ಅದರ ಹಿಂದಿನ ಚೀಟಿಯನ್ನೂ ಓದಿದರು. ಅಫ್ಜಲುನ್ನೀಸಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.

"ಕಮಲಾಕ್ಷಮ್ಮ, ಈ 31ರ ಇಂಜೆಕ್ಷನ್ ಬಾಟಲಿ ಎಲ್ಲಿರತ್ತೆ?"

"ಆ ಕಬ್ಬಿಣದ ಬೀರುವಿನಲ್ಲಿ. ಗುಳಿಗೆ ಮೇಜಿನ ಮೇಲೇ ಇರತ್ತೆ. 31ರ ಚೀಟಿ ಬಂದಾಗ ಮಾತ್ರ ಎದ್ದು ಬೀರು ತೆಗೀತೀನಿ."

"ಬುಧವಾರ ಇಂಜಿನಿಯರ್ ಬಂದಾಗ ತೆಗೆದಿದ್ರಾ?"

"ಇಲ್ಲ. ರೋಗಿಗಳು ಬರೋದು ಸೋಮವಾರ, ಗುರುವಾರ."

"ಈಗ ತೆಗೀರಿ. ಮಗಳೇ, ನೀನು ಕೂತು ಒಂದನ್ನೇ ಒತ್ತುತ್ತಿರು. ನಿಲ್ಲಿಸಬೇಡ."

ಕಪ್ಪು ಪರದೆಯ ಮೇಲೆ ಹಸಿರು ಒಂದುಗಳು ಸಾಲಾಗಿ ಮೂಡಿದವು. ನಾನು ಬೀಗ ತೆಗೆದು ಬೀರುವಿನ ಭಾರದ ಬಾಗಿಲನ್ನು ಎಳೆದೆ.

ಸಾಲು ನಿಂತಿತು!

ಅಫ್ಜಲುನ್ನೀಸಾಳ ಬೆರಳು ಒತ್ತುತ್ತಲೇ ಇತ್ತು. ಪರದೆ ಸುಮ್ಮನಿತ್ತು. ಬಾಗಿಲು ಮುಚ್ಚಿದೆ — ಮತ್ತೆ ಒಂದು, ಒಂದು, ಒಂದು.

"ಅಕ್ಕಾ..." ಎಂದಳು ಹುಡುಗಿ.

ಮೇಷ್ಟ್ರು ಮಂಡಿಯೂರಿ ಬೀರುವಿನ ಕೆಳಗೆ ಕೈ ಹಾಕಿದರು. ಕೀಬೋರ್ಡಿನಿಂದ ಹೊರಟ ವೈರು ಪಕ್ಕದ ಸ್ಟೂಲಿನ ಮೇಲಿದ್ದ ಕಂಪ್ಯೂಟರ್ ಪೆಟ್ಟಿಗೆಗೆ ಹೋಗುವ ದಾರಿಯಲ್ಲಿ, ಬೀರುವಿನ ಮುಂದಿನ ಕಾಲಿಗೆ ತಗುಲಿಕೊಂಡೇ ಹಾದಿತ್ತು. ಬಾಗಿಲು ತೆರೆದಾಗ ಬೀರು ಕೂದಲೆಳೆಯಷ್ಟು ಮುಂದಕ್ಕೆ ವಾಲುತ್ತಿತ್ತು. ಕಾಲು ವೈರನ್ನು ಅದುಮುತ್ತಿತ್ತು. ಸರಿಯಾಗಿ ಆ ಜಾಗದಲ್ಲಿ ವೈರಿಗೆ ಬಿಳೀ ಪಟ್ಟಿ ಸುತ್ತಿತ್ತು. ಗಾಯಕ್ಕೆ ಹಾಕುವ ಪ್ಲಾಸ್ಟರು.

"ಈ ವೈರು ಒಂದು ಸಲ ತುಂಡಾಗಿದೆ," ಎಂದರು. "ಯಾರೋ ಎಳೆಗಳನ್ನು ಹೊಸೆದು ಕಟ್ಟಿದ್ದಾರೆ. ಅದುಮಿದಾಗ ಎಳೆ ಬಿಡತ್ತೆ, ಎತ್ತಿದಾಗ ಕೂಡತ್ತೆ. ಇಲ್ಲಿ ನೆಲ ನೋಡಿ — ನಾಲ್ಕು ತುಕ್ಕಿನ ಗುರುತು. ಬೀರು ಮೊದಲು ಒಂದು ಮೊಳ ಆಚೆಗಿತ್ತು. ಈ ಪ್ಲಾಸ್ಟರು ಎಲ್ಲಿರತ್ತೆ?"

"ಬೀರುವಿನೊಳಗೆ," ಎಂದೆ.

"ಬೀಗದಕೈ ಯಾರ ಹತ್ತಿರ?"

"ನನ್ನ ಹತ್ತಿರ ಒಂದು." ಕೈಯಲ್ಲಿದ್ದ ಬೀಗದಕೈ ತೋರಿಸಿದೆ. "ಸಾರ್ ಹತ್ತಿರ ಒಂದು."

ಮೇಷ್ಟ್ರು ನನ್ನನ್ನೇ ನೋಡಿದರು. ಆ ಒಂದು ಗಳಿಗೆಯಲ್ಲಿ, ಏನೂ ಮಾಡದ ನನಗೂ ನಾನೇ ಮಾಡಿದೆನೇನೋ ಅನ್ನಿಸಿಬಿಟ್ಟಿತು.

"ನೀವು ಪ್ಲಾಸ್ಟರನ್ನು ಕತ್ತರಿಯಿಂದ ಕತ್ತರಿಸ್ತೀರಿ, ಅಲ್ವಾ? ಇದನ್ನು ಹಲ್ಲಿನಿಂದ ಕಚ್ಚಿ ಹರಿದಿದ್ದಾರೆ." ಬಾಗಿಲ ಕಡೆ ತಿರುಗಿ ಅಟೆಂಡರನ್ನು ಕೂಗಿದರು. "ಮುದ್ದಪ್ಪ, ಬೀರು ತಳ್ಳಿದ್ದು ಯಾವಾಗ?"

ಮುದ್ದಪ್ಪ ತಲೆ ಕೆರೆದುಕೊಂಡ. "ಮೂರು ವಾರ ಆಯ್ತು ಸ್ವಾಮಿ, ಭಾನುವಾರ. ಬೆಂಚು ಹಾಕಕ್ಕೆ ಜಾಗ ಸಾಲ್ದು ಅಂತ ಸಾಹೇಬ್ರು, ನಾನು, ಇಬ್ರೇ ತಳ್ಳಿದ್ವಿ. ಆಮೇಲೆ ನನ್ನ ಕಾಫಿ ತರಕ್ಕೆ ಕಳ್ಸಿದ್ರು. ಇನ್ನೇನೂ ನಂಗೊತ್ತಿಲ್ಲ."

"ನಂದೀಶ್ವರಯ್ಯನವರೇ," ಎಂದರು ಮೇಷ್ಟ್ರು ಮೆಲ್ಲಗೆ, "ಪ್ರತಿ 31ರ ನಂತರವೂ ತಪ್ಪಾಗಿಲ್ಲ. ಆದರೆ ಪ್ರತಿ ತಪ್ಪಿನ ಹಿಂದೆಯೂ ಒಂದು 31 ಇದೆ. ನರ್ಸಮ್ಮ ಬೀರು ತೆಗೆಯೋ ಹೊತ್ತಿಗೆ ಹುಡುಗಿ ಮುಂದಿನ ಚೀಟಿ ಒತ್ತುತ್ತಿರುತ್ತಾಳೆ. ಬೀರು ತಳ್ಳುವಾಗ ವೈರು ತುಂಡಾಗಿದ್ದು ಅಪಘಾತ ಅನ್ನೋಣ. ಮುಚ್ಚಿಟ್ಟದ್ದು?"

ನಂದೀಶ್ವರಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಯಂತ್ರಕ್ಕೆ ಏನಾದ್ರೂ ಆದ್ರೆ ನಾನೇ ಜವಾಬ್ದಾರಿ ಅಂತ ಬರೆದುಕೊಟ್ಟಿದ್ದೆ. ಕಟ್ಟಿದೆ, ಕೆಲಸ ಮಾಡ್ತು. ಸರಿಹೋಯ್ತು ಅಂದ್ಕೊಂಡೆ... ಗಿರಿಯಮ್ಮ ಬಂದ ದಿನ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ."

"ನನ್ನ ಕೈಯಲ್ಲಿ ರಾಜೀನಾಮೆ ಬರೆಸೋಕೆ ಬಂತಲ್ಲ ಸಾರ್," ಎಂದಳು ಅಫ್ಜಲುನ್ನೀಸಾ. ಕೂಗಲಿಲ್ಲ. ಆದರೂ ಅವರು ತಲೆ ತಗ್ಗಿಸಿದರು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಹುಡುಗಿ ಮತ್ತೆ ಸುರುಳಿಯ ಮೇಲೆ ಬಗ್ಗಿದ್ದಳು. "ಮೇಷ್ಟ್ರೇ, ಇಲ್ಲದ ಸಂಖ್ಯೆ ಬಂದಿದ್ದನ್ನ ಅಕ್ಕ ಹಿಡಿದರು. 114 ಹೋಗಿ 14 ಆದರೆ ಯಾರಿಗೂ ಗೊತ್ತಾಗಲ್ಲ. 31ರ ನಂತರ ಬಂದಿರೋ ಎಲ್ಲಾ 14 ನೋಡಬೇಕು."

ರೋಗಿಗಳ ಹೆಸರು, ಅವರಿಗೆ ಕೊಡಬೇಕಾದ ಸಂಖ್ಯೆ ಸರದಿಯಂತೆ ಬರೆದಿಡುವ ರಿಜಿಸ್ಟರು ತೆಗೆದೆ. ಅವಳು ಸುರುಳಿ ಓದಿದಳು, ನಾನು ಹೆಸರು ನೋಡಿದೆ. ಸರಿ. ಸರಿ. ಸರಿ. ಹತ್ತೊಂಬತ್ತನೆಯದಕ್ಕೆ ನನ್ನ ಬೆರಳು ನಿಂತಿತು.

ಕದಿರಯ್ಯ, ರಾಯಚರ್ಲು, ಪಾವಗಡ ತಾಲ್ಲೂಕು. 114. ಪೊಟ್ಟಣ ಕೊಟ್ಟು ಹನ್ನೊಂದು ದಿನ.

ಸಂಸ್ಥೆಯ ಜೀಪಿನಲ್ಲಿ ನಾನು, ಅಫ್ಜಲುನ್ನೀಸಾ ಹೊರಟೆವು. ಪಾವಗಡದ ರಸ್ತೆ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಊರು ಬಂದಾಗ ಮೊದಲು ನೋಡಿದ್ದು, ಯಾವ ಮನೆಯ ಮುಂದಾದರೂ ಜನ ಸೇರಿದ್ದಾರೆಯೇ ಎಂದು.

ಜನ ಸೇರಿರಲಿಲ್ಲ. ಕದಿರಯ್ಯ ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಕಣ್ಣು ಹಳದಿ. ನಮ್ಮನ್ನು ಕಂಡು ಏಳಲು ಹೋದ.

"ಅಯ್ಯೋ ದೇವುಡಾ! ಇಷ್ಟು ದೂರ ನೀವೇ ಬಂದ್ರೇನಮ್ಮಾ? ನಂಗೆ ವಾಂತಿ, ಸುಸ್ತು. ಹೆಂಡ್ತಿ ಮಾತ್ರೆ ಬುಟ್ಬುಡು ಅಂದ್ಳು. ನಾನು ಬುಡ್ಲಿಲ್ಲ ಕಣಮ್ಮ. ಒಕ್ಕ ದಿನ ಕೂಡ ತಪ್ಪಿಸಬ್ಯಾಡ ಅಂತ ನೀವೇ ಹೇಳಿದ್ರಲ್ಲ!"

ತಲೆದಿಂಬಿನ ಕೆಳಗಿಂದ ಪೊಟ್ಟಣ ತೆಗೆದು, ಶಭಾಸ್ ಅನ್ನಿಸಿಕೊಳ್ಳುವವನಂತೆ ಮುಂದೆ ಚಾಚಿದ. ನನಗೆ ಕೈ ನೀಡಲಾಗಲಿಲ್ಲ. ಅಫ್ಜಲುನ್ನೀಸಾ ಅದನ್ನು ತೆಗೆದುಕೊಂಡಳು.

"ಇನ್ನು ಬೇಡ ಚಾಚಾ," ಎಂದಳು. "ತಪ್ಪು ನಿಮ್ಮದಲ್ಲ. ಏಳಿ, ಜೀಪು ನಿಂತಿದೆ."

ಅವನ ಒಂದು ತೋಳು ಅವಳ ಹೆಗಲ ಮೇಲೆ, ಒಂದು ನನ್ನ ಹೆಗಲ ಮೇಲೆ. ಹಾಗೇ ನಡೆಸಿಕೊಂಡು ಹೋಗಿ ಹತ್ತಿಸಿದೆವು. ತುಮಕೂರಿನ ಡಾಕ್ಟರು, ಇನ್ನೆರಡು ದಿನ ನುಂಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.